ಕರಗದ ಮಾತ್ರೆ

ಆತಗೂರಿನ ಪುಟ್ಟರಾಜುವಿಗೆ ಬಸ್ಸು ಆಗಿಬರುತ್ತಿರಲಿಲ್ಲ. ಟ್ರ್ಯಾಕ್ಟರ್ ಮೇಲೆ ದಿನವಿಡೀ ಕುಲುಕಿಸಿಕೊಂಡರೂ ಕಲ್ಲುಗುಂಡಿನಂತೆ ಇರುತ್ತಿದ್ದ ಮನುಷ್ಯ, ಬಸ್ಸಿನ ಮೆಟ್ಟಿಲು ಹತ್ತಿದನೆಂದರೆ ಬಾಯಿಗೆ ಟವೆಲ್ಲು ಒತ್ತಿಕೊಂಡು ಕಿಟಕಿ ಹುಡುಕುತ್ತಿದ್ದ. ಬೇರೆ ದಿನವಾಗಿದ್ದರೆ ಅವನು ಬಸ್ಸಿನ ತಂಟೆಗೇ ಹೋಗುತ್ತಿರಲಿಲ್ಲ. ಆದರೆ ಆ ದಿನ ತಾಯಿಯನ್ನೂ ಪಕ್ಕದ ಮನೆಯ ಶಿವಯ್ಯನನ್ನೂ ಕಟ್ಟಿಕೊಂಡು ಮಳವಳ್ಳಿಗೆ ಹೆಣ್ಣು ನೋಡಲು ಹೋಗಬೇಕಾಗಿತ್ತು. ಬೇಸಾಯ ಮಾಡುವ ಗಂಡು ಎಂದರೆ ಹೆಣ್ಣಿನವರು ಫೋನ್ ಇಟ್ಟುಬಿಡುವ ಕಾಲ. ವಯಸ್ಸು ನಲವತ್ತರ ಹತ್ತಿರ ಬಂದು, ಕಿವಿಯ ಮೇಲೆ ಬಿಳಿ ಕೂದಲು ಇಣುಕತೊಡಗಿದ ಮೇಲೆ, "ಬಂದು ನೋಡ್ಕೊಂಡು ಓಗ್ಲಿ" ಎಂದ ಮೊದಲ ಮನೆ ಅದು. ಅವರಿಂದ ಹಾಗೆ ಹೇಳಿಸಿದವನು ಶಿವಯ್ಯ. ಆದ್ದರಿಂದ ಆ ದಿನದ ಮಟ್ಟಿಗೆ ಶಿವಯ್ಯ ಹೇಳಿದ್ದೇ ಕಾನೂನು.

ಹಿಂದಿನ ದಿನ ಮದ್ದೂರಿನ ಡಾಕ್ಟರು ತಾಯಿಗೂ ಮಗನಿಗೂ ಮಾತ್ರೆ ಬರೆದುಕೊಟ್ಟಿದ್ದರು. ಮಗನಿಗೆ ವಾಂತಿ ನಿಲ್ಲುವುದಕ್ಕೆ. "ನಾಲಿಗೆ ಮೇಲೆ ಇಟ್ಕೊಳ್ಳಿ. ನೀರು ಬೇಡ, ನುಂಗೋದು ಬೇಡ, ತಾನಾಗೇ ಕರಗುತ್ತೆ" ಎಂದಿದ್ದರು. ತಾಯಿ ಸಣ್ಣತಾಯಮ್ಮನಿಗೆ ಸಕ್ಕರೆ ಕಾಯಿಲೆ. ಅವಳ ಹಳೆಯ ಮಾತ್ರೆ ಬಿಡಿಸಿ ಹೊಸದು ಕೊಟ್ಟು, "ಇದನ್ನ ಮುರೀಬಾರ್ದು, ಅಗೀಬಾರ್ದು. ಇಡಿಯಾಗಿ ನುಂಗಿ ನೀರು ಕುಡೀಬೇಕು" ಎಂದಿದ್ದರು. ಔಷಧಿ ಅಂಗಡಿಯವನು ಎರಡನ್ನೂ ಕತ್ತರಿಸಿ ಒಂದೇ ಕವರಿಗೆ ಹಾಕಿ ಕೊಟ್ಟ. ಎಡವಟ್ಟು ಹುಟ್ಟಿದ್ದು ಆ ಕವರಿನೊಳಗೆ.

ಮದ್ದೂರು ಬಸ್‌ಸ್ಟ್ಯಾಂಡಿನಲ್ಲಿ ಮಳವಳ್ಳಿ ಬಸ್ಸು ಹೊರಡಲು ಗುರುಗುಡುತ್ತಿತ್ತು. ಪುಟ್ಟರಾಜು ಕವರು ಬಿಚ್ಚಿ ನೋಡಿದ. ಒಂದು ಸೀಗೆಬೀಜದಷ್ಟು ದಪ್ಪ, ಇನ್ನೊಂದು ಉದ್ದಿನಕಾಳಿನಷ್ಟು.

"ಇದ್ರಲ್ಲಿ ನಂದ್ಯಾವುದು?" ಎಂದು ತಲೆ ಕೆರೆದುಕೊಂಡ.

ಶಿವಯ್ಯ ಕವರು ಕಿತ್ತುಕೊಂಡು, ಮಾತ್ರೆಯ ಹಾಳೆಯನ್ನು ಬಿಸಿಲಿಗೆ ಹಿಡಿದ. "ಇಂಗ್ಲಿಷು ನಂಗೆ ಬುಡು. ಈ ದಪ್ಪದ್ರ ಕೊನೇಲಿ ಎಸ್ಸು, ಆರು ಅಂತ ಅದೆ. ಎಸ್ಸು ಅಂದ್ರೆ ಸಣ್ಣತಾಯಮ್ಮ, ಆರು ಅಂದ್ರೆ ರಾಜು. ಸಣ್ಣತಾಯಮ್ಮನ ರಾಜು! ನಿಂದೇ ಕಣ್ಲಾ."

"ಆ ಚಿಕ್ಕದು?"

"ಎಮ್ಮು, ಡಿ. ಎಮ್ಡಿ ಅಂದ್ರೆ ದೊಡ್ಡ ಡಾಕ್ಟ್ರು ಕಣ್ಲಾ. ದೊಡ್ಡ ಕಾಯ್ಲೆಗೆ ಕೊಡೋದು. ಅದು ನಿಮ್ಮವ್ವಂದು."

"ಇಷ್ಟ್ ದಪ್ಪದ್ದು ಬಾಯಲ್ಲಿ ಕರಗ್ತದಾ ಶಿವಣ್ಣ?"

"ನಿಂಗೆ ಬರೋ ವಾಂತಿ ಎಷ್ಟ್ ದಪ್ಪ ಅದೆ ಅಂತ ಡಾಕ್ಟ್ರಿಗೆ ಗೊತ್ತಿಲ್ವಾ? ಇಟ್ಕೊ ಸುಮ್ಕೆ. ಕರಗೋಗಂಟ ಬಾಯಿ ಬುಡಬ್ಯಾಡ, ಗಂಟ್ಲಿಗೆ ಜಾರ್ತದೆ." ಖಾಲಿ ಹಾಳೆಗಳನ್ನು ಪುಟ್ಟರಾಜುವಿನ ಹೊಸ ಅಂಗಿಯ ಜೇಬಿಗೆ ತುರುಕಿ ದನಿ ತಗ್ಗಿಸಿದ. "ಇನ್ನೊಂದ್ಮಾತು. ಅವ್ವನ ಸುಗರ್ ಇಚಾರ ಅಲ್ಲಿ ಎತ್ತಂಗಿಲ್ಲ. ಕಾಯ್ಲೆ ಅತ್ತೆ ಸೇವೆ ಮಾಡಕ್ಕೆ ಈಗಿನ ಎಣ್ಮಕ್ಕಳು ಬತ್ತಾವಾ?"

"ನಾನ್ಯಾಕೆ ಎತ್ತಲಿ?" ಎಂದ ಸಣ್ಣತಾಯಮ್ಮ ಚಿಕ್ಕ ಮಾತ್ರೆಯನ್ನು ಗಂಟಲಿಗೆಸೆದುಕೊಂಡು ನೀರು ಕುಡಿದಳು. ಪುಟ್ಟರಾಜು ದಪ್ಪದ್ದನ್ನು ನಾಲಿಗೆಯ ಮೇಲಿಟ್ಟು ಬಾಯಿ ಮುಚ್ಚಿದ.

ಮುಚ್ಚಿದ್ದೇ ಮುಚ್ಚಿದ್ದು. ನಡುದಾರಿಯ ಕೆ.ಎಂ. ದೊಡ್ಡಿ ಬಂದರೂ ಮಾತ್ರೆ ಕರಗುವ ಯೋಚನೆ ಮಾಡಲಿಲ್ಲ. ಬದಲಿಗೆ ಮೈಯೆಲ್ಲ ಲೋಳೆಯಾಗಿ, ನೆನೆಹಾಕಿದ ಅವರೆಕಾಳಿನಂತೆ ಊದಿಕೊಳ್ಳತೊಡಗಿತು. ನಾಲಿಗೆಯ ಮೇಲೆ ಜಾಗ ಸಾಲದೆ ಪುಟ್ಟರಾಜು ಅದನ್ನು ಒಂದು ದವಡೆಗೆ ನೂಕಿದ. ಕರಗಬೇಕಾದದ್ದು ಬೆಳೆಯುವುದುಂಟೇ? ಎಲ್ಲ ಮಾತ್ರೆಗಳೂ ಹೀಗೆಯೋ, ತನ್ನದು ಮಾತ್ರವೋ? ಈ ಚಿಂತೆಯಲ್ಲಿ ಅವನಿಗೆ ವಾಂತಿ ಮರೆತೇಹೋಗಿತ್ತು.

"ನೋಡ್ದಾ? ಎಂಗೆ ಕೆಲ್ಸ ಮಾಡ್ತಾ ಅದೆ!" ಎಂದು ಶಿವಯ್ಯ ಅವನ ತೊಡೆ ತಟ್ಟಿದ.

ಕಂಡಕ್ಟರ್ ಎಲ್ಲಿಗೆ ಎಂದು ಕೇಳಿದರೆ ಪುಟ್ಟರಾಜು ರಸ್ತೆಯ ಕಡೆ ಕೈ ತೋರಿಸಿದ. ಎದುರು ಸೀಟಿನ ಹೆಂಗಸೊಬ್ಬಳು ಅವನ ಉಬ್ಬಿದ ದವಡೆ ಕಂಡು, "ಅಯ್ಯೋ, ಅಲ್ನೋವಾ ಕಣಪ್ಪ? ತಕ್ಕೊ, ಲವಂಗ ಕಚ್ಕೊ" ಎಂದು ಕೈಗೆ ಹಾಕಿಯೇಬಿಟ್ಟಳು. ಬೇಡವೆನ್ನಲು ಬಾಯಿ ಬೇಕಲ್ಲ. ಅವನು ಅದನ್ನೂ ಇನ್ನೊಂದು ದವಡೆಗೆ ಸೇರಿಸಿಕೊಂಡ.

ಹೆಣ್ಣಿನ ತಂದೆ ಮಹದೇವಯ್ಯ ಬ್ಲಫ್ ಎಂಬ ಊರಿನ ಕರೆಂಟು ಉತ್ಪಾದನಾ ಕೇಂದ್ರದಲ್ಲಿ ಕೆಲಸ ಮಾಡಿ ರಿಟೈರಾದವರು. ಯಂತ್ರಗಳ ಸದ್ದಿನಲ್ಲಿ ವಯಸ್ಸು ಕಳೆದಿದ್ದರಿಂದ, ಕಾಫಿ ಬೇಕೇ ಎಂದು ಕೇಳಿದರೂ ಬೆಂಕಿ ಬಿದ್ದಿದೆ ಎಂದು ಕೂಗಿದ ಹಾಗಿರುತ್ತಿತ್ತು.

"ಬನ್ನಿ, ಬನ್ನಿ! ಬಸ್ಸು ಆರಾಮಾಗಿತ್ತಾ?" ಎಂದು ಪುಟ್ಟರಾಜುವಿನ ಮುಖಕ್ಕೇ ಕೂಗಿದರು.

ಪುಟ್ಟರಾಜು ಕೈ ಮುಗಿದ.

"ಭೂಮಿ ಎಷ್ಟು ಐತೆ?"

ಪುಟ್ಟರಾಜು ಇನ್ನೊಮ್ಮೆ ಕೈ ಮುಗಿದ.

ಗಂಡಿಗೆ ಕಿವಿ ಮಂದವೆಂದು ತಿಳಿದ ಮಹದೇವಯ್ಯ ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡು, ಅದೇ ಪ್ರಶ್ನೆಯನ್ನು ಬೀದಿಯ ಕೊನೆಯ ಮನೆಗೂ ಕೇಳುವಂತೆ ಕೇಳಿದರು. ಅವರ ತಂಗಿ ಪಟ್ಟಲಮ್ಮ ಅಡಿಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಅಳೆಯುತ್ತಿದ್ದಳು.

"ಕಿವಿ ಅಲ್ಲ ಕಣಣ್ಣ, ಬಾಯೇ ಇಲ್ವೇನೋ! ಮೂಗನ್ನ ಕರ್ಕೊಂಡ್ ಬಂದವ್ರೆ" ಎಂದಳು.

ಶಿವಯ್ಯ ತಡಬಡಿಸಿ ಎದ್ದ. "ಬುಡ್ತು ಅನ್ನಿ! ಮೌನವ್ರತ ಕಣಮ್ಮ. ಒಳ್ಳೆ ಎಣ್ಣು ಸಿಕ್ಕೋಗಂಟ ಮಾತಾಡಲ್ಲ ಅಂತ ಅರಕೆ ಒತ್ತವ್ನೆ."

"ಎಣ್ಣು ಕಂಡ ಮ್ಯಾಲೆ ಬುಡ್ತಾನೋ, ತಾಳಿ ಕಟ್ಟಿದ ಮ್ಯಾಲೋ?"

ಪುಟ್ಟರಾಜುವಿಗೆ ಎದ್ದು ಓಡಬೇಕೆನ್ನಿಸಿತು. ಉಗಿಯೋಣವೆಂದರೆ ಎದುರಿಗೇ ಸಾರಿಸಿ ರಂಗೋಲಿ ಬಿಟ್ಟ ಅಂಗಳ. ನುಂಗೋಣವೆಂದರೆ ಡಾಕ್ಟರು ಬೇಡವೆಂದಿದ್ದಾರೆ. ಅಷ್ಟರಲ್ಲಿ ಕೇಸರಿಬಾತು, ಕಾಫಿ ಬಂದವು. ಮಾತ್ರೆಯನ್ನು ಒಂದು ದವಡೆಯಲ್ಲಿ, ಲವಂಗವನ್ನು ಇನ್ನೊಂದರಲ್ಲಿ ಕೂಡಿಹಾಕಿ ನಡುವಿನ ಸಂದಿಯಲ್ಲಿ ಅವನು ಕೇಸರಿಬಾತನ್ನು ಸಾಗಿಸಿದ. ಸಣ್ಣತಾಯಮ್ಮ ಮಾತ್ರ ಹೊಟ್ಟೆ ಎಂದೂ ಇಷ್ಟು ಹಗುರವಾಗಿರಲಿಲ್ಲ ಎನ್ನುವಂತೆ ಇನ್ನೊಂದು ಸಲ ಬಡಿಸಿಕೊಂಡಳು.

"ಸಿಹಿ ತಿಂತೀರಲ್ಲ, ಸುಗರ್ ಪಗರ್ ಏನಿಲ್ವಾ?" ಎಂದಳು ಪಟ್ಟಲಮ್ಮ.

"ನಂಗ್ಯಾಕವ್ವ ಬತ್ತದೆ? ಈ ವಯ್ಸಾದ್ರೂ ಮಾತ್ರೆ ಮುಖ ಕಂಡೋಳಲ್ಲ ನಾನು!"

ಹುಡುಗಿ ಶ್ವೇತ ಬಂದು ಕೂತಳು. ಬಸ್‌ಸ್ಟ್ಯಾಂಡ್ ಹತ್ತಿರದ ಮೆಡಿಕಲ್ ಸ್ಟೋರಿನಲ್ಲಿ ಅವಳಿಗೆ ಕೆಲಸ, ಅದಕ್ಕೆಂದೇ ಓದಿದವಳು. ನೇರವಾಗಿ ನೋಡುವ ಹುಡುಗಿ. ಕಂಡೊಡನೆ ಪುಟ್ಟರಾಜುವಿನ ಎದೆ ಡವಗುಟ್ಟಿತು. ಅವಳು ನಾವಿಬ್ಬರೇ ಎರಡು ಮಾತು ಆಡಬೇಕು ಎಂದಾಗ ಶಿವಯ್ಯನ ಎದೆ ಇನ್ನೂ ಜೋರಾಗಿ ಡವಗುಟ್ಟಿತು.

ಇಬ್ಬರೂ ತಾರಸಿಗೆ ಹೋದರು.

"ಮದುವೆ ಆದ್ಮೇಲೂ ನಾನು ಕೆಲ್ಸ ಬಿಡಲ್ಲ. ಪರವಾಗಿಲ್ವಾ?" ಎಂದಳು ಶ್ವೇತ.

ಏನೂ ಅಡ್ಡಿಯಿಲ್ಲವೆಂದು ಪುಟ್ಟರಾಜು ತಲೆಯನ್ನು ಅಡ್ಡಡ್ಡ ಆಡಿಸಿದ.

"ಆಗಲ್ವಾ?"

ಅಯ್ಯೋ, ಆಗುತ್ತದೆ ಎಂದು ತಲೆಯನ್ನು ಮೇಲೆ ಕೆಳಗೆ ಆಡಿಸಿದ.

"ಆಗಲ್ಲ ಅಂತಾನಾ ಹೂಂ ಅಂತಿರೋದು?"

ಪುಟ್ಟರಾಜುವಿನ ತಲೆ ಯಾವ ಕಡೆಗೂ ಹೋಗಲಾರದೆ ಗಿರ್ರನೆ ಸುತ್ತಿತು. ಶ್ವೇತ ಮೆಟ್ಟಿಲ ಕಡೆ ತಿರುಗಿದಳು. ಇನ್ನು ಸುಮ್ಮನಿದ್ದರೆ ಕೆಟ್ಟೆ ಎಂದು ಅವನು ಬಾಯಿ ತೆರೆದ. ಲವಂಗವೂ ಮಾತ್ರೆಯೂ ಒಟ್ಟಿಗೆ ಅಂಗೈಗೆ ಬಿದ್ದವು.

"ಪರ್ವಾಗಿಲ್ಲ ಕಣ್ರೀ! ನೂರು ವರ್ಸ ಕೆಲ್ಸ ಮಾಡಿ!"

ಶ್ವೇತ ಅವನ ಅಂಗೈಯನ್ನೇ ನೋಡಿದಳು. "ಏನಿದು?"

"ವಾಂತಿ ಮಾತ್ರೆ. ಬೆಳಗಿಂದ ಚೀಪ್ತಾ ಇವ್ನಿ, ಕರಗ್ತಾನೇ ಇಲ್ಲ."

ಅವನು ಜೇಬಿನಿಂದ ಎರಡೂ ಖಾಲಿ ಹಾಳೆ ತೆಗೆದುಕೊಟ್ಟ. ಅವನ್ನು ಓದಿದ ಶ್ವೇತ ನಗು ತಡೆಯಲಾರದೆ ತಾರಸಿಯ ಗೋಡೆ ಹಿಡಿದುಕೊಂಡಳು. "ಇದು ನಾಳೆ ಬೆಳಿಗ್ಗೆವರೆಗೂ ಬಾಯಲ್ಲಿಟ್ಕೊಂಡ್ರೂ ಕರಗಲ್ಲ. ಎಸ್.ಆರ್. ಅಂದ್ರೆ ಹೊಟ್ಟೆಗೆ ಹೋಗಿ ದಿನಪೂರ್ತಿ ಚೂರುಚೂರೇ ಔಷಧಿ ಬಿಡೋ ಮಾತ್ರೆ. ಇಡಿಯಾಗಿ ನುಂಗ್ಬೇಕು. ಎಂ.ಡಿ. ಅಂತ ಇದ್ಯಲ್ಲ, ಅದು ಬಾಯಲ್ಲೇ ಕರಗೋದು. ನೀವು ಉಲ್ಟಾ ಮಾಡ್ಕೊಂಡಿದ್ದೀರ."

ಆ ನಗುವಿನಲ್ಲಿ ಕುಹಕವಿರಲಿಲ್ಲ. ಪುಟ್ಟರಾಜುವೂ ನಕ್ಕ. ಕೆಲಸ ಕೆಟ್ಟಿಲ್ಲ, ಬಹುಶಃ ಕೂಡಿಯೇ ಬಂತು ಎನ್ನಿಸಿತು. ಅಷ್ಟರಲ್ಲಿ ಶ್ವೇತ ದಪ್ಪ ಮಾತ್ರೆಯ ಹಾಳೆಯನ್ನು ಇನ್ನೊಮ್ಮೆ ನೋಡಿ ನಗು ನಿಲ್ಲಿಸಿದಳು.

"ಇದು ಸಕ್ಕರೆ ಕಾಯಿಲೆ ಮಾತ್ರೆ. ನಿಮಗೆ ಶುಗರ್ ಇದ್ಯಾ?"

ಅವನಿಗೆ ಶಿವಯ್ಯನ ಕಾನೂನು ನೆನಪಾಯಿತು. ಆದರೂ ಈ ಹುಡುಗಿಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ನಂಗಿಲ್ಲ. ನಮ್ಮವ್ವಂಗೆ."

ಮೆಟ್ಟಿಲ ಮೇಲೆ ಕಿವಿಯಿಟ್ಟು ನಿಂತಿದ್ದ ಪಟ್ಟಲಮ್ಮನಿಗೆ ಕೇಳಿಸಿದ್ದು ಅರ್ಧ ಮಾತ್ರ. "ಗಂಡಿಗೆ ಸುಗರ್ ಅದೆ ಕಣಣ್ಣೋ!" ಎಂದು ಕೂಗುತ್ತ ಅವಳು ಕೆಳಗೆ ಓಡಿದಳು.

ನಡುಮನೆಯಲ್ಲಿ ಪುಟ್ಟರಾಜು ಎಲ್ಲವನ್ನೂ ಬಿಡಿಸಿ ಹೇಳಿದ. ಎಲ್ಲರೂ ಸಣ್ಣತಾಯಮ್ಮನ ಕಡೆ ತಿರುಗಿದರು. ಅವಳ ಕೈಯಲ್ಲಿ ಕೇಸರಿಬಾತಿನ ತಟ್ಟೆ ಇನ್ನೂ ಇತ್ತು. ಈಗಷ್ಟೇ ಆಡಿದ ಮಾತು ಬಾಯಲ್ಲೇ ಇತ್ತು.

"ಯಾರ್ಗೆ? ನಂಗಾ?" ಎಂದಳು. "ಎತ್ತ ತಾಯಿ ಮ್ಯಾಲೆ ಆಕ್ತಾ ಇದ್ದೀಯಲ್ಲಾ!"

"ಅವ್ವ! ನಿನ್ನೆ ಡಾಕ್ಟ್ರು..."

"ಯಾವ ಡಾಕ್ಟ್ರು?"

ಪುಟ್ಟರಾಜು ಶಿವಯ್ಯನನ್ನು ನೋಡಿದ. ಶಿವಯ್ಯ ಗೋಡೆಯ ಮೇಲಿನ ಕ್ಯಾಲೆಂಡರನ್ನು ಆಸಕ್ತಿಯಿಂದ ಓದತೊಡಗಿದ್ದ. ನಿನ್ನೆ ನಿಜಕ್ಕೂ ಡಾಕ್ಟರ ಬಳಿ ಹೋಗಿದ್ದೆವೋ ಇಲ್ಲವೋ ಎಂದು ಪುಟ್ಟರಾಜುವಿಗೇ ಒಂದು ಕ್ಷಣ ಅನುಮಾನವಾಯಿತು.

"ಸುಗರ್ ನಂಗೂ ಅದೆ! ಅದ್ರಲ್ಲಿ ಮುಚ್ಚಿಡಾದೇನು? ಸುಳ್ಳು ಯಾರ್ದು ಅನ್ನೋದು ಗೊತ್ತಾಗ್ಬೇಕು, ಅಷ್ಟೇಯ!" ಎಂದು ಮಹದೇವಯ್ಯ ಗುಡುಗಿದರು.

"ಜಗಳ ಬೇಡಪ್ಪ. ನಿಮ್ಮ ಮಿಷನ್ ಇದ್ಯಲ್ಲ" ಎಂದು ಶ್ವೇತ ರಕ್ತ ನೋಡುವ ಪುಟ್ಟ ಯಂತ್ರ ತಂದಳು. "ಇಬ್ಬರೂ ಬೆರಳು ಕೊಡಿ."

ಪುಟ್ಟರಾಜುವಿಗೆ ಹೋದ ಜೀವ ಬಂದಂತಾಯಿತು. ಅವ್ವನಿಗೆ ಬೇಸರವಾದರೆ ಆಗಲಿ, ಊರಿಗೆ ಹೋಗಿ ಕಾಲಿಗೆ ಬಿದ್ದರಾಯಿತು. ಯಂತ್ರಕ್ಕೆ ಸುಳ್ಳು ಬರುವುದಿಲ್ಲವಲ್ಲ. ಸಣ್ಣತಾಯಮ್ಮ ಕಣ್ಣು ಮುಚ್ಚಿ ಬೆರಳು ಚಾಚಿದಳು. ಶ್ವೇತ ಯಂತ್ರ ನೋಡಿ, "ಈಗಷ್ಟೇ ಸಿಹಿ ತಿಂದಿದ್ದಾರೆ, ಅದಕ್ಕೆ ಇಷ್ಟು ಇರೋದೇ. ಹೆದರೋ ಹಾಗೇನಿಲ್ಲ" ಎಂದಳು. ಇಷ್ಟು ದಿನ ತಪ್ಪದೆ ನುಂಗಿದ್ದ ಹಳೆಯ ಮಾತ್ರೆ ತನ್ನ ಕೆಲಸ ಮಾಡಿತ್ತು. ಸಣ್ಣತಾಯಮ್ಮ ಕಣ್ಣು ತೆರೆದು ಎಲ್ಲರನ್ನೂ ಒಂದು ಸುತ್ತು ನೋಡಿದಳು.

"ನಂದೂ ನೋಡಿ" ಎಂದು ಪುಟ್ಟರಾಜು ಕೈಯನ್ನೇ ಮುಂದಿಟ್ಟ.

ಯಂತ್ರ ಕುಂಯ್ ಎಂದಿತು. ಶ್ವೇತ ಹುಬ್ಬು ಗಂಟಿಕ್ಕಿದಳು. "ಬೆರಳಿಗೆ ಕೇಸರಿಬಾತು ಅಂಟಿರಬೇಕು. ಸೋಪು ಹಾಕಿ ತೊಳ್ಕೊಂಡು ಬನ್ನಿ."

ಅವನು ಮೊಳಕೈವರೆಗೂ ತೊಳೆದುಕೊಂಡು ಬಂದ. ಬೇರೆ ಬೆರಳು, ಹೊಸ ಸೂಜಿ. ಯಂತ್ರ ಮತ್ತೆ ಕುಂಯ್ ಎಂದಿತು.

"ಎಷ್ಟವ್ವ?" ಎಂದು ಮಹದೇವಯ್ಯ ಕೇಳಿದರು. ಅವರ ದನಿ ಮೊದಲ ಬಾರಿಗೆ ಮೆತ್ತಗಿತ್ತು.

"ಮುನ್ನೂರು ದಾಟಿದೆ. ಮೊದಲು ಬಂದಿದ್ದಕ್ಕಿಂತ ಜಾಸ್ತಿನೇ."

ಪುಟ್ಟರಾಜು ಯಂತ್ರವನ್ನು ಇಸಿದುಕೊಂಡು ತಾನೇ ನೋಡಿದ. ಮಾತ್ರೆ ಅವ್ವನದು, ನಿಜ. ಕಾಯಿಲೆ ಮಾತ್ರ ಇಬ್ಬರಿಗೂ ಇತ್ತು, ತನಗೆ ಎಂದಿನಿಂದ ಇತ್ತೋ ದೇವರೇ ಬಲ್ಲ. "ನಂಗೆ ಗೊತ್ತೇ ಇರ್ಲಿಲ್ಲ" ಎಂದು ಪುಟ್ಟರಾಜು ಒಬ್ಬೊಬ್ಬರ ಮುಖವನ್ನೂ ನೋಡಿ ಹೇಳಿದ. ಯಾರೂ ನಂಬಲಿಲ್ಲ. ತನ್ನ ರೋಗವನ್ನು ಹೆತ್ತವಳ ತಲೆಗೆ ಕಟ್ಟಲು ಹೋದ ಮಗ ಎಂದು ಪಟ್ಟಲಮ್ಮ ಆಗಲೇ ಪಕ್ಕದ ಮನೆಯವರಿಗೆ ಕಿಟಕಿಯಿಂದ ಹೇಳುತ್ತಿದ್ದಳು.

ಶ್ವೇತ ಮಾತ್ರ ಅವನನ್ನೇ ನೋಡುತ್ತಿದ್ದಳು. ಅವಳ ಕಣ್ಣಲ್ಲಿ ಕೋಪವಿರಲಿಲ್ಲ, ಅನುಮಾನವೂ ಇರಲಿಲ್ಲ. ಇವಳೊಬ್ಬಳು ನಂಬಿದಳು ಎಂದುಕೊಂಡ ಪುಟ್ಟರಾಜುವಿನ ಎದೆ ಮತ್ತೆ ಡವಗುಟ್ಟಿತು. ಅವಳು ಹತ್ತಿರ ಬಂದು ಮೆಲ್ಲಗೆ ಮಾತಾಡಿದಳು. ಅಂಗಡಿಯ ಕೌಂಟರಿನಲ್ಲಿ ದಿನವೂ ಎಷ್ಟೋ ಜನರಿಗೆ ಹೇಳಿ ರೂಢಿಯಾದ ದನಿ ಅದು.

"ಗಾಬರಿ ಆಗ್ಬೇಡಿ. ನಾಳೆ ಬೆಳಿಗ್ಗೆ ಖಾಲಿ ಹೊಟ್ಟೇಲಿ ರಕ್ತ ಟೆಸ್ಟ್ ಮಾಡ್ಸಿ, ಡಾಕ್ಟ್ರನ್ನ ನೋಡಿ. ಸಿಹಿ ಕಮ್ಮಿ ಮಾಡಿ, ದಿನಾ ನಡೀರಿ. ಎಲ್ಲ ಸರಿಹೋಗುತ್ತೆ, ಅಣ್ಣ."

ಆ ಕೊನೆಯ ಮಾತು ಕಿವಿಗೆ ಬಿದ್ದದ್ದೇ ತಡ, ಶಿವಯ್ಯ ಎದ್ದು ಹೊರಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡ.