ಬೀಗರ ಮುಂದೆ ಕೋನೀಯ ಸಂವೇಗ

ಕೊಪ್ಪಳದ ಒಂದು ಪದವಿಪೂರ್ವ ಕಾಲೇಜಿನಲ್ಲಿ ನಾನು ಭೌತಶಾಸ್ತ್ರ ಕಲಿಸುತ್ತೇನೆ. ಕಲ್ಲಿಗೂ ಅರ್ಥವಾಗುವಂತೆ ಪಾಠ ಹೇಳಬಲ್ಲೆ ಎಂಬುದು ನನ್ನ ಅಚಲ ನಂಬಿಕೆ. ಕಲ್ಲುಗಳಿಂದ ಈವರೆಗೆ ಯಾವ ದೂರೂ ಬಂದಿಲ್ಲ!

ಅಂದು ತಂಗಿ ಸುಜಾತಾಳನ್ನು ನೋಡಲು ತಾವರಗೇರಾದಿಂದ ಗಂಡಿನವರು ಬರುವವರಿದ್ದರು. ಹುಡುಗ ಮಂಜುನಾಥ ಬ್ಯಾಂಕಿನಲ್ಲಿದ್ದ. ತಂದೆ ವೀರಭದ್ರಪ್ಪ ಕಾಳುಕಡಿ ವ್ಯಾಪಾರಿ. ಹಿಂದೆ ಬಂದ ಗಂಡುಗಳನ್ನೆಲ್ಲ ಸುಜಾತಾ ಫೋಟೋದಲ್ಲೇ ವಾಪಸು ಕಳಿಸಿದ್ದಳು. ಈ ಫೋಟೋವನ್ನು ಮಾತ್ರ ಕದ್ದು ಮತ್ತೊಮ್ಮೆ ನೋಡಿದ್ದಳು. ಹೀಗಾಗಿ ಮನೆಮಂದಿಯೆಲ್ಲ ಉಸಿರು ಬಿಗಿಹಿಡಿದಿದ್ದೆವು.

"ನೋಡ್ರಿ, ಅವ್ರು ಕೇಳಿದ್ದಕ್ಕಷ್ಟ ಉತ್ತರ ಕೊಡ್ರಿ. ಪಾಠ ಸುರು ಮಾಡಬ್ಯಾಡ್ರಿ," ಎಂದಳು ಹೆಂಡತಿ ಗಿರಿಜಾ.

"ಬಂದವರಿಗೆ ನಾ ಯಾಕ ಪಾಠ ಮಾಡ್ಲಿ?"

"ಮೊನ್ನೆ ಹಾಲಿನಾಂವಗ ಸಾಂದ್ರತೆ ಅಂದ್ರೇನು ಅಂತ ಹೇಳಿದ್ರಿ. ಅಂವ ಈಗ ನಮ್ಮ ಓಣಿಗೇ ಬರವಲ್ಲ!"

ಬೀಗರು ಬಂದರು. ಬಿಸಿ ಶಿರಾ, ಮಿರ್ಚಿ ಬಂದವು. ಮಳೆಯ ಮಾತು, ಪ್ಯಾಟಿಯ ಮಾತು ಮುಗಿದವು. ಮುಂದೇನು ಮಾತಾಡುವುದೆಂದು ತಿಳಿಯದೆ ವೀರಭದ್ರಪ್ಪನವರು ಕೇಳಿದರು: "ಕಾಲೇಜಿನ್ಯಾಗ ಈಗ ಏನು ಪಾಠ ನಡದೈತ್ರಿ ಸರ?"

"ಕೋನೀಯ ಸಂವೇಗರಿ."

"ಹಂಗಂದ್ರ?"

ಹಂಗಂದ್ರ! ಇಪ್ಪತ್ತು ವರ್ಷದ ನೌಕರಿಯಲ್ಲಿ ಒಬ್ಬ ವಿದ್ಯಾರ್ಥಿಯೂ ನನ್ನನ್ನು ಹೀಗೆ ತಾನಾಗಿ ಕೇಳಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಗಿರಿಜಾ ಜೋರಾಗಿ ಕೆಮ್ಮಿದಳು. ನಾನು ಕೇಳಿಸಿಕೊಳ್ಳಲಿಲ್ಲ.

"ತಿರುಗೋ ವಸ್ತು ಎಷ್ಟು ಭಾರ ಐತಿ, ಆ ಭಾರ ನಡುವಿನಿಂದ ಎಷ್ಟು ದೂರ ಐತಿ, ಎಷ್ಟು ಜೋರು ತಿರಗತೈತಿ, ಇವೆಲ್ಲ ಕೂಡಿದ ಲೆಕ್ಕರಿ ಅದು. ಹೊರಗಿನವ್ರು ಕೈ ಹಚ್ಚಲಿಲ್ಲಂದ್ರ ಲೆಕ್ಕ ಬದಲಾಗಂಗಿಲ್ಲ. ಭಾರ ನಡುವಿಗೆ ಸರೀತಂದ್ರ ತಿರುಗೋದು ಜೋರಾಗತೈತಿ. ದೂರ ಸರೀತಂದ್ರ ಸಾವಕಾಶ ಆಗತೈತಿ."

"ಹೊರಗಿನವ್ರು ಕೈ ಹಚ್ಚಲಿಲ್ಲಂದ್ರ ಲೆಕ್ಕ ಬದಲಾಗಂಗಿಲ್ಲ," ವೀರಭದ್ರಪ್ಪನವರು ತಲೆದೂಗಿದರು. "ನಮ್ಮ ಅಂಗಡಿ ಗಲ್ಲಾನೂ ಹಂಗರಿ."

ಅಷ್ಟರಲ್ಲಿ ಅವರ ಹೆಂಡತಿ ಬಸಮ್ಮನವರು ಸೆರಗಿನ ಮರೆಯಲ್ಲಿ ಆಕಳಿಸಿದರು. ನನ್ನ ಪಾಠದಲ್ಲಿ ಆಕಳಿಕೆ! "ತಡೀರಿ ಯವ್ವಾ, ತೋರಿಸೇ ಬಿಡ್ತೀನಿ," ಎಂದು ಎದ್ದೆ.

ಒಳಗಿನಿಂದ ನನ್ನ ಹಳೆಯ ತಿರುಗುವ ಕುರ್ಚಿಯನ್ನು ಎಳೆದು ತಂದೆ. ಎರಡೂ ಕೈಯಲ್ಲಿ ಒಂದೊಂದು ಕಬ್ಬಿಣದ ತೂಕದ ಕಲ್ಲು ಹಿಡಿದು, ಕುಳಿತು, ರೆಕ್ಕೆಯಂತೆ ಕೈ ಚಾಚಿದೆ. "ಬೀಗರ, ಮೆಲ್ಲಕ ಒಂದು ನೂಕು ಕೊಡ್ರಿ."

ಹರೆಯದಿಂದಲೂ ಜೋಳದ ಚೀಲ ಎತ್ತಿದ ಕೈ ಅದು. ಅವರ 'ಮೆಲ್ಲಕ' ಬೇರೆ, ನನ್ನ 'ಮೆಲ್ಲಕ' ಬೇರೆ. ನೂಕಿದರು!

ಗೋಡೆ, ಕ್ಯಾಲೆಂಡರು, ಮಿರ್ಚಿ, ಗಿರಿಜಾ. ಗೋಡೆ, ಕ್ಯಾಲೆಂಡರು, ಮಿರ್ಚಿ, ಗಿರಿಜಾಳ ಕೆಂಗಣ್ಣು. "ಈಗ ನೋಡ್ರಿ!" ಎಂದು ಕಲ್ಲುಗಳನ್ನು ಎದೆಗೆ ಎಳೆದುಕೊಂಡೆ. ಕುರ್ಚಿ ಭರ್‍ರನೆ ಓಡಿತು. ಸಿದ್ಧಾಂತ ಗೆದ್ದಿತು. ಗೆದ್ದ ಮೇಲೆ ನಿಲ್ಲುವುದು ಹೇಗೆ? ಬಹಳ ಸುಲಭ. ಕೈ ಚಾಚಿದರಾಯಿತು, ವೇಗ ತಗ್ಗುತ್ತದೆ.

ಆದರೆ ವೀರಭದ್ರಪ್ಪನವರು ಕುರ್ಚಿಯ ಪಕ್ಕದಲ್ಲೇ ಬಗ್ಗಿ ನಿಂತಿದ್ದರು. "ಇದರ ಮೋಟರ್ ಎಲ್ಲೈತ್ರಿ ಸರ?" ಎಂದು ಹುಡುಕುತ್ತಿದ್ದರು! ಕೈ ಚಾಚಿದರೆ ಕಬ್ಬಿಣದ ಕಲ್ಲು ನೇರವಾಗಿ ಗಂಡಿನ ತಂದೆಯ ತಲೆಗೆ. ಕಲ್ಲುಗಳನ್ನು ಇನ್ನಷ್ಟು ಅವಚಿಕೊಂಡೆ. ಕುರ್ಚಿ ಇನ್ನಷ್ಟು ಜೋರಾಯಿತು.

"ರೀ, ನೀವು ಮ್ಯಾಲ ಏರಾಕತ್ತೀರಿ!" ಗಿರಿಜಾ ಕೂಗಿದಳು.

ಆಗ ನೆನಪಾಯಿತು. ಆ ಕುರ್ಚಿಯ ಸೀಟು ನಿಂತಿದ್ದು ಒಂದು ತಿರುಪಿನ ಮೇಲೆ. ಆ ದಿಕ್ಕಿಗೆ ತಿರುಗಿದಷ್ಟೂ ಸೀಟು ಏರುತ್ತದೆ. ಕಾಲೂರಿ ನಿಲ್ಲಿಸೋಣವೆಂದರೆ ನೆಲವೇ ಸಿಗಲಿಲ್ಲ!

ಗದ್ದಲ ಕೇಳಿ ಸುಜಾತಾ ಚಹಾದ ತಟ್ಟೆ ಹಿಡಿದೇ ಓಡಿ ಬಂದಳು. "ಅಣ್ಣಾ, ಕೈ ಚಾಚೋ!"

"ಚಾಚಿದ್ರ ನಿನ್ನ ಮದಿವಿ ಹೋಗತೈತವ್ವಾ!"

ತಿರುಪು ಮುಗಿಯಿತು. ಸೀಟು ಕುರ್ಚಿಯನ್ನು ಬಿಟ್ಟಿತು, ನಾನು ಸೀಟನ್ನು ಬಿಟ್ಟೆ. ಕಲ್ಲುಗಳನ್ನು ಮಾತ್ರ ಕೂಸಿನ ಹಾಗೆ ಅಪ್ಪಿಕೊಂಡು ಶಿರಾದ ಪರಾತದಲ್ಲಿ ಕುಳಿತೆ. ಶಿರಾ ಇನ್ನೂ ಬಿಸಿಯಿತ್ತು.

ತಂಗಿಯ ಸಂಬಂಧ ಕೈತಪ್ಪಿತೆಂದೇ ತಿಳಿದೆ. ಆಗ ಸುಜಾತಾ ನಕ್ಕಳು. ತಡೆಯಲಾರದೆ, ಚಹಾ ಚೆಲ್ಲುವಷ್ಟು ನಕ್ಕಳು. ಅಲ್ಲಿಯತನಕ ಗೊಂಬೆಯಂತೆ ಕುಳಿತಿದ್ದ ಮಂಜುನಾಥ ಎದ್ದು ಬಂದು, ಅವಳ ಕೈಯಿಂದ ತಟ್ಟೆ ಇಸಿದುಕೊಂಡು, ತಾನೂ ನಕ್ಕ. ಆಮೇಲೆ ಇಬ್ಬರೂ ನನ್ನ ಒಂದೊಂದು ರಟ್ಟೆ ಹಿಡಿದು ಎತ್ತಿದರು. ಎತ್ತುವಾಗ ನನ್ನ ಕಡೆ ಮಾತ್ರ ನೋಡುತ್ತಿರಲಿಲ್ಲ.

ವೀರಭದ್ರಪ್ಪನವರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. "ನೋಡೋದು ಆತು ಬಿಡ್ರಿ. ಇಬ್ರೂ ಕೂಡಿ ಇಷ್ಟು ದೊಡ್ಡ ಭಾರ ಎತ್ಯಾರಂದ್ರ ಸಂಸಾರಾನೂ ಎತ್ತತಾರ. ನಮಗ ಒಪ್ಪಿಗಿ."

ಗಿರಿಜಾ ನನ್ನ ಬೆನ್ನಿನ ಶಿರಾ ಕೆರೆಯುತ್ತ, "ನಮಗೂ ಒಪ್ಪಿಗಿರಿ," ಎಂದಳು. ನನ್ನನ್ನು ಯಾರೂ ಕೇಳಲಿಲ್ಲ.

ಹೊರಡುವಾಗ ಬಸಮ್ಮನವರು ಬಾಗಿಲಲ್ಲಿ ನಿಂತು ಬಹಳ ಮರುಕದಿಂದ ಹೇಳಿದರು: "ಪಾಪ, ಅಷ್ಟ್ರಾಗ ಕುರ್ಚಿ ಮುರದು ಬಿದ್ದಬಿಟ್ರಿ. ಇರ್ಲಿ ಬಿಡ್ರಿ ಸರ. ಅದೇನೋ ಸಂವೇಗ ತೋರಿಸ್ತೀನಂದ್ರಲ್ಲ, ಮುಂದಿನ ಸಲ ಬಂದಾಗ ತೋರಿಸ್ರಿ."