ಕಂಪ್ಯೂಟರಿನ ಗೌರಿಯೂ ನನ್ನ ಕೈಗುಣವೂ

ಕೈಗುಣ ಅನ್ನುವುದು ನಿಜವಾಗಿ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಆದರೆ ಅದು ನನ್ನಲ್ಲಿದೆ ಎಂದು ಯಾರಾದರೂ ಹೇಳಿದರೆ ಇವತ್ತಿಗೂ ನಾನು ಬೇಡ ಅನ್ನುವವಳಲ್ಲ. ಕೆಲವರು ಹಾಕಿದ ಉಪ್ಪಿನಕಾಯಿ ವರ್ಷವಾದರೂ ಕೆಡುವುದಿಲ್ಲ. ಕೆಲವರು ನೆಟ್ಟ ಕರಿಬೇವು ನೋಡನೋಡುತ್ತ ಮಾಡಿನವರೆಗೆ ಬರುತ್ತದೆ. ನಾನು ಹಾಕಿದ ಉಪ್ಪಿನಕಾಯಿಗೆ ಹದಿನೈದೇ ದಿನಕ್ಕೆ ಬೂಷ್ಟು, ನಾನು ನೆಟ್ಟ ಕರಿಬೇವು ಕಡ್ಡಿ. ನಾನು ಮಾಡಿದ ಸಾರನ್ನು ನಮ್ಮ ಮನೆಯವರು ಉಣ್ಣುತ್ತಾರೆ, ಹೊಗಳುವುದಿಲ್ಲ. ಹೆರಿಗೆಯ ವಿಷಯದಲ್ಲಿ ಮಾತ್ರ ದೇವರು ನನಗೆ ಎಲ್ಲಾ ಬಾಕಿ ತೀರಿಸಿಬಿಟ್ಟಿದ್ದ. "ಶಾರದಮ್ಮ ಸಿಸ್ಟರ್ ಇದ್ರೆ ಹೆದರ್ಬ್ಯಾಡ್ರಿ, ಅವರ ಕೈಗುಣ ಚಲೋ ಐತಿ" ಎಂದು ಶಿಕಾರಿಪುರದ ಹೆಂಗಸರು ಅನ್ನುವಾಗ ನಾನು ಕೇಳಿಸದವಳಂತೆ ಹತ್ತಿ ಮಡಚುತ್ತ ಇನ್ನೊಂದು ಸಲ ಹೇಳಲಿ ಎಂದು ಕಾಯುತ್ತಿದ್ದೆ. ಮನೆಗೆ ಬಂದು ಇದನ್ನು ಹೇಳಿದರೆ ಮನೆಯವರು, "ಅದರಲ್ಲಿ ಒಂದು ಚೂರು ಸಾರಿಗೂ ಹಾಕಬಾರದೇನೆ?" ಅನ್ನುತ್ತಿದ್ದರು.

ಈಗ ನಿವೃತ್ತಳಾಗಿದ್ದೇನೆ, ಗುಟ್ಟು ಬಿಟ್ಟುಕೊಡುತ್ತೇನೆ. ನನ್ನ ಕೈಗುಣವೆಂದರೆ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂರುವುದು, ಅಷ್ಟೇ. ಹುಟ್ಟೂರು ಸೊರಬದಲ್ಲಿ ನಾನು ಕೆಲಸ ಕಲಿಯುವಾಗ ನಮಗೊಬ್ಬರು ದೊಡ್ಡ ಸಿಸ್ಟರ್ ಇದ್ದರು. ನನಗೋ ಹುಡುಗಾಟದ ವಯಸ್ಸು, ನೋವು ಬಂದ ಹೆಂಗಸಿನ ಸುತ್ತ ಸುಮ್ಮನೆ ಗಿರಕಿ ಹೊಡೆಯುತ್ತಿದ್ದೆ. ಹೊಟ್ಟೆ ಮುಟ್ಟಿ ನೋಡುವುದು, ದಿಂಬು ಸರಿಸುವುದು, "ಬಂತಾ? ಈಗ ಬಂತಾ?" ಎಂದು ಜೀವ ತಿನ್ನುವುದು. ದೊಡ್ಡ ಸಿಸ್ಟರ್ ಒಂದು ಮೊರದ ತುಂಬ ಅಕ್ಕಿ ತಂದು ನನ್ನ ಮಡಿಲಿಗೆ ಇಟ್ಟರು. "ಕಲ್ಲು ಆರಿಸು. ಅವಳ ಕೆಲಸ ಅವಳು ಮಾಡ್ಕೊಳ್ತಾಳೆ, ನಿನ್ನ ಕೈ ನಿನ್ನ ಹತ್ರ ಇರ್ಲಿ" ಅಂದರು. ಹೊತ್ತು ಹೊತ್ತಿಗೆ ಕೊಳವೆ ಇಟ್ಟು ಮಗುವಿನ ಎದೆಬಡಿತ ಕೇಳಬೇಕು, ತಾಯಿಯ ನಾಡಿ ನೋಡಬೇಕು, ಏನಾದರೂ ಹೆಚ್ಚುಕಮ್ಮಿ ಕಂಡರೆ ಆ ಕ್ಷಣ ಡಾಕ್ಟರನ್ನು ಕರೆಯಬೇಕು. ಉಳಿದ ಹೊತ್ತೆಲ್ಲ ಕಲ್ಲು. ಆ ವರ್ಷ ನಮ್ಮ ಹಾಸ್ಟೆಲಿನ ಅನ್ನದಲ್ಲಿ ಒಂದು ಕಲ್ಲೂ ಸಿಗಲಿಲ್ಲ.

ಹೀಗೆ ಕೂತೂ ಕೂತೂ ಹೆಸರು ಮಾಡಿದವಳ ಬಾಳಿಗೆ ಕಂಪ್ಯೂಟರ್ ಬಂತು. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಆಗ ಶಿಕಾರಿಪುರದಲ್ಲಿ ಹುಡುಗಿಯರಿಗೆ ಹೆರಿಗೆ ಕೆಲಸ ಕಲಿಸುವ ಪುಟ್ಟ ಶಾಲೆಯೊಂದರಲ್ಲಿ ಟೀಚರು, ಪಕ್ಕದಲ್ಲೇ ನಮ್ಮದೇ ಹೆರಿಗೆ ವಾರ್ಡು. ಕಂಪ್ಯೂಟರಿಗೆ ಒಂದು ಕೋಣೆ, ಕಿಟಕಿಗೆ ಪರದೆ, ಬಾಗಿಲ ಹೊರಗೆ ಚಪ್ಪಲಿ. ಮೊದಲ ದಿನವೇ ಯಾರೋ ಅದರ ಹಣೆಗೆ ಕುಂಕುಮವನ್ನೂ ಇಟ್ಟರು. ಅದರ ಹೊಟ್ಟೆಗೆ ಸಿ.ಡಿ. ಎಂಬ ಒಂದು ತಟ್ಟೆ ನುಂಗಿಸಿದರೆ ಪರದೆಯ ಮೇಲೆ ಇಡೀ ಆಸ್ಪತ್ರೆಯೇ ತೆರೆದುಕೊಳ್ಳುತ್ತಿತ್ತು. ಮೌಸು ತಳ್ಳಿದರೆ ನಾವೇ ನಡೆದುಹೋದಂತೆ ಉದ್ದದ ಪಡಸಾಲೆ, ಒಂದು ಬಾಗಿಲು, ಒಳಗೆ ಮಂಚ, ಮಂಚದ ಮೇಲೆ ಕೆಂಚುಗೂದಲ ಬಸುರಿ. ಅವಳು ಕಣ್ಣು ಮಿಟುಕಿಸುತ್ತಿದ್ದಳು, ನರಳುತ್ತಿದ್ದಳು. ಒಂದು ದಿನದ ನೋವನ್ನು ಮೂರೇ ತಾಸಿಗೆ ಇಳಿಸಿದ್ದರು. ನಡುವೆ ಕರೆಂಟು ಹೋದರೆ ನೋವೂ ಹೋಗುತ್ತಿತ್ತು, ಬಂದ ಮೇಲೆ ಮೊದಲಿಂದ ಶುರು. ನಮ್ಮೂರಿನ ಕರೆಂಟಿನ ಪುಣ್ಯದಿಂದ ಆ ಬಡಪಾಯಿ ಮೊದಲ ವಾರವೆಲ್ಲ ಹೆರಲೇ ಇಲ್ಲ.

"ಅಲ್ಲಾ, ಇವಳ ಅತ್ತೆ ಎಲ್ಲಿ?" ಎಂದು ನಾನು ಅದನ್ನು ಜೋಡಿಸಲು ಬಂದವನನ್ನು ಕೇಳಿದೆ. ಹುಡುಗಿಯರು ಕಿಸಕ್ಕನೆ ನಕ್ಕರು. ನಗಲಿ ಬಿಡಿ, ಬಾಗಿಲಲ್ಲಿ ಅತ್ತೆಯಿಲ್ಲದ, ಅವ್ವನಿಲ್ಲದ ಹೆರಿಗೆಯನ್ನು ನಾನು ಕಂಡವಳೇ ಅಲ್ಲ. ಒಬ್ಬಂಟಿ ಹೆಣ್ಣೆಂದು ಕರುಳು ಚುರುಕ್ ಎಂದು ಅವಳಿಗೆ ಗೌರಿ ಎಂದು ಹೆಸರಿಟ್ಟೆ.

ಕನಿಕರ ತೋರಿಸಿದ್ದಕ್ಕೆ ಗೌರಿ ನನಗೆ ಮಾಡಿದ್ದೇನು ಕೇಳಿ. ಮೇಲಿನಿಂದ ಆದೇಶ ಬಂತು: ಹೆರಿಗೆ ಕೋಣೆಯಲ್ಲಿ ಕಲಿಸುವವರು ಮೊದಲು ತಾವು ಕಂಪ್ಯೂಟರಿನಲ್ಲಿ ಒಂದು ಹೆರಿಗೆ ಮಾಡಿಸಿ ಪಾಸಾಗಬೇಕು. ಬರುವ ತಿಂಗಳು ಶಿವಮೊಗ್ಗದಿಂದ ಸಾಹೇಬರು ಬಂದು ಎದುರು ಕೂತು ನೋಡುತ್ತಾರೆ. ಪಾಸಾಗದವರಿಗೆ ಸ್ಟೋರು, ಅಂದರೆ ದುಪ್ಪಟಿ, ಡೆಟಾಲು ಮತ್ತು ಬೀಗದ ಕೈ ಗೊಂಚಲು. ಹುಟ್ಟಿದ ಮಗುವಿನ ಮೊದಲ ಅಳು ಕೇಳದೆ ನನಗೆ ವಾರ ಕಳೆದದ್ದೇ ಇಲ್ಲ. ದುಪ್ಪಟಿಗಳು ಅಳುತ್ತವೆಯೇ?

ಇರಲಿ, ಇಷ್ಟು ಹೆರಿಗೆ ಮಾಡಿಸಿದವಳಿಗೆ ಇದೊಂದು ಯಾವ ಲೆಕ್ಕ ಎಂದು ಕನಕಾಂಬರದ ಬುಟ್ಟಿ, ಬಾಳೆನಾರು ಹಿಡಿದು ಗೌರಿಯ ಎದುರು ಕೂತೆ. ನಾಡಿ ನೋಡಿದೆ, ಎದೆಬಡಿತ ಕೇಳಿದೆ, ಎಲ್ಲ ಸರಿಯಿತ್ತು. ಹೂ ಕಟ್ಟತೊಡಗಿದೆ. ಒಂದು ಗೇಣು ಕಟ್ಟಿರಲಿಲ್ಲ, ಪರದೆಯ ಮೇಲೆ ಕೆಂಪು ಅಕ್ಷರ ಮೂಡಿತು: ನರ್ಸ್ ರೋಗಿಯ ಬಳಿ ಇಲ್ಲ. "ಇಲ್ಲೇ ಕೂತಿದ್ದೀನಲ್ಲೇ, ಕಣ್ಣು ಕಾಣಲ್ವಾ?" ಎಂದು ಗದರಿದೆ. ಕಂಪ್ಯೂಟರು ಯಾರ ಗದರಿಕೆಗೂ ಜಗ್ಗುವ ಜಾತಿಯಲ್ಲ. ಇನ್ನೊಂದು ಗೇಣಿಗೆ ಪರದೆಯೊಳಗಿನ ಬಾಗಿಲು ತೆರೆದು ಬೇರೊಬ್ಬ ನರ್ಸು ಟಕಟಕ ಎಂದು ಒಳಗೆ ಬಂದಳು. ಎಳೆಯ ವಯಸ್ಸು, ತೆಳ್ಳನೆಯ ಸೊಂಟ. ನನಗೆ ಬೆನ್ನು ತೋರಿಸಿ ಗೌರಿಯ ಪಕ್ಕ ನಿಂತಳು. ಪರೀಕ್ಷೆ ಮುಗಿಯಿತು, ಫೇಲು. ಮರುದಿನವೂ ಅವಳೇ ಬಂದಳು, ಅದರ ಮರುದಿನವೂ. ಏಳು ಸಲ ಬಂದಳು ಮಹರಾಯ್ತಿ. ಕನಸಿನಲ್ಲೂ ಅವಳ ಬೂಟಿನ ಸದ್ದು ಕೇಳಿ ನಾನು ಬೆಚ್ಚಿ ಏಳುತ್ತಿದ್ದೆ.

ನಮ್ಮ ಹುಡುಗಿಯರಲ್ಲಿ ಶಾಹಿದಾ ಎಂಬವಳು ಮೊದಲ ಸಲವೇ ಪಾಸಾಗಿದ್ದಳು. ಶಿರಾಳಕೊಪ್ಪದ ಟೈಲರ್ ಒಬ್ಬರ ಮಗಳು, ಕಾಜಾ ಗುಂಡಿ ಮಾಡುತ್ತ ಬೆಳೆದ ಕೈ, ಒಂದು ಗಳಿಗೆ ಸುಮ್ಮನಿರದು. ಟಕ್ ಟಕ್ ಎಂದು ಒತ್ತುತ್ತಲೇ ಇರುತ್ತಿದ್ದಳು: ನಾಡಿ, ಬಿಪಿ, ನೀರು, ದಿಂಬು, ಮತ್ತೆ ನಾಡಿ. "ಒತ್ತಿ ಸಿಸ್ಟರ್, ಏನಾದ್ರೂ ಒಂದು ಒತ್ತಿ. ನೀವು ಇದ್ದೀರಿ ಅಂತ ಅದಕ್ಕೆ ಗೊತ್ತಾಗ್ಬೇಕು" ಎಂದು ನನಗೆ ಪಾಠ ಹೇಳುತ್ತಿದ್ದಳು. ಇದೇ ಶಾಹಿದಾ ವಾರ್ಡಿಗೆ ಬಂದರೆ ನನ್ನ ತಲೆ ಕೆಡುತ್ತಿತ್ತು. ಅಲ್ಲೂ ಅದೇ ನಾಡಿ, ಅದೇ ದಿಂಬು. ಒಬ್ಬಳಂತೂ ನೋವಿನ ನಡುವೆಯೇ, "ಅಕ್ಕಾರ, ಈಕಿನ್ನ ಮೊದ್ಲು ಹೊರಗ ಕಳಸ್ರಿ, ನಾ ಆಮ್ಯಾಗ ಹಡೀತನಿ" ಅಂದಿದ್ದಳು. ಬೆಳಿಗ್ಗೆ ನಾನು ಶಾಹಿದಾಳ ಕೈ ಹಿಡಿದು ನಿಲ್ಲಿಸುವುದು, ಮಧ್ಯಾಹ್ನ ಅವಳು ನನ್ನ ಕೈ ಹಿಡಿದು ಓಡಿಸುವುದು. ಇಬ್ಬರಿಗೂ ತಲೆಗೆ ಹತ್ತಲಿಲ್ಲ.

ಸಾಹೇಬರು ಬಂದೇ ಬಂದರು. ಡಾಕ್ಟರೇ ಆದರೂ ಕಾಗದಪತ್ರದ ಕೆಲಸಕ್ಕೆ ಹೋಗಿ ಹೆರಿಗೆ ನೋಡದೆ ಬಹಳ ವರ್ಷವಾಗಿತ್ತಂತೆ. ಚಪ್ಪಲಿ ಬಿಟ್ಟು ಬಂದು, ನನ್ನ ಹಿಂದೆ ಕುರ್ಚಿ ಹಾಕಿಕೊಂಡು, ಫೈಲು ಬಿಚ್ಚಿ, "ಶುರು ಮಾಡ್ರಿ ಸಿಸ್ಟರ್" ಅಂದರು. ಶಾಹಿದಾ ನನ್ನ ಹೆಸರು ಒತ್ತಿಕೊಟ್ಟು ಪಕ್ಕಕ್ಕೆ ನಿಂತಳು. ನಾನು ಪಡಸಾಲೆ ದಾಟಿದೆ, ಬಾಗಿಲು ತೆರೆದೆ. ಗೌರಿ ನನ್ನನ್ನು ನೋಡಿ ಕಣ್ಣು ಮಿಟುಕಿಸಿದಳು. ಆ ದಿನ ಹೂವಿನ ಬುಟ್ಟಿ ತಂದಿರಲಿಲ್ಲ. ಹಲ್ಲು ಕಚ್ಚಿ ಒತ್ತಿದೆ: ನಾಡಿ, ನೀರು, ನಾಡಿ. ಇವತ್ತು ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ಅಂಗಳದಲ್ಲಿ ಟೆಂಪೋ ನಿಂತ ಸದ್ದು, ಅದರ ಹಿಂದೆಯೇ ಒಂದು ಗಟ್ಟಿ ದನಿ: "ಸಿಸ್ಟರ್ ಎಲ್ಲದಾರ್ರೀ? ನಮ್ಮ ಸೊಸಿಗೆ ಬ್ಯಾನಿ ಬಂದೈತಿ!"

ಶಿರಾಳಕೊಪ್ಪದ ಸಂತೆಗೆ ಬಂದವರು, ಅತ್ತೆ ಬಸವ್ವ, ಸೊಸೆ ಮಂಜುಳ. ಚೊಚ್ಚಲು. ಸಂತೆಯಲ್ಲೇ ನೋವು ಶುರುವಾಗಿ ಸೀದಾ ಇಲ್ಲಿಗೆ ಬಂದಿದ್ದರು. ನಾನು ಎದ್ದುಬಿಟ್ಟೆ.

"ಸಿಸ್ಟರ್, ಅರ್ಧಕ್ಕೆ ಬಿಟ್ರೆ ಫೇಲು ಅಂತ ಬರೀಬೇಕಾಗ್ತದೆ" ಅಂದರು ಸಾಹೇಬರು.

"ಬರ್ಕೊಳ್ಳಿ ಸಾರ್. ಆ ಹುಡುಗಿ ನೋವು ಕರೆಂಟು ಹೋದ್ರೆ ನಿಲ್ಲೋ ನೋವಲ್ಲ" ಅಂದೆ. ಜಂಬದಿಂದ ಹೇಳಿದ ಮಾತಲ್ಲ, ಬಾಯಿಗೆ ಬಂತು. ಹೊಸ್ತಿಲು ದಾಟುವಾಗ ಸ್ಟೋರಿನ ಬೀಗದ ಕೈಗಳು ಸೊಂಟದಲ್ಲಿ ಝಣ್ ಎಂದಂತಾಗಿ ಕಣ್ಣಲ್ಲಿ ನೀರೇ ಬಂತು. ಶಾಹಿದಾ ನನ್ನ ಹಿಂದೆಯೇ ಓಡಿ ಬಂದಳು.

ಪರೀಕ್ಷೆ ಮಾಡಿ ನೋಡಿದೆ. ತಾಯಿ ಮಗು ಇಬ್ಬರೂ ಗಟ್ಟಿ, ಇನ್ನು ಒಂದೂವರೆ ತಾಸಿನ ಮಾತು. ಮಂಜುಳಳನ್ನು ಪಡಸಾಲೆಯಲ್ಲಿ ಅಡ್ಡಾಡಲು ಬಿಟ್ಟೆ. ಶಾಹಿದಾ ಆಗಲೇ ಅವಳ ಮಣಿಕಟ್ಟು ಹಿಡಿದು, ಸೆರಗು ಸರಿಮಾಡಿ, ಬೆವರು ಒರೆಸಿ, ಮತ್ತೆ ಮಣಿಕಟ್ಟಿಗೆ ಬಂದಿದ್ದಳು. ಬಸವ್ವನ ಸಂತೆಚೀಲದ ಬಾಯಲ್ಲಿ ಅವರೆಕಾಯಿ ಇಣುಕುತ್ತಿತ್ತು. ನನಗೆ ದೊಡ್ಡ ಸಿಸ್ಟರ್ ನೆನಪಾದರು.

"ಬಸವ್ವ, ಆ ಚೀಲ ಇಲ್ಲಿ ಕೊಡ್ರಿ. ಶಾಹಿದಾ, ಕೂತ್ಕೋ. ಸುಲಿ."

"ಸಿಸ್ಟರ್, ಬಿಪಿ..."

"ಈಗಷ್ಟೇ ನೋಡಿದ್ದೀನಿ. ಸುಲಿ ಅಂದೆ."

ಗೋಡೆ ಬದಿಯ ಬೆಂಚಿನ ಮೇಲೆ ನಾವು ಮೂವರೂ ಸಾಲಾಗಿ ಕೂತು ಅವರೆಕಾಯಿ ಸುಲಿದೆವು. ಮಂಜುಳ ನಮ್ಮೆದುರು ಹೋಗುತ್ತ ಬರುತ್ತ ಇದ್ದಳು. ನೋವು ಬಂದಾಗ ನನ್ನ ಹೆಗಲು ಹಿಡಿದು ನಿಲ್ಲುವಳು, ಹೋದಾಗ ಮತ್ತೆ ನಡೆಯುವಳು. ಹೊತ್ತು ಹೊತ್ತಿಗೆ ನಾನು ಕೊಳವೆ ಇಟ್ಟು ಕೇಳುವುದು, ಮತ್ತೆ ಬಂದು ಸುಲಿಯುವುದು. "ಅತ್ತೀ, ಹುಳುಕು ನೋಡಿ ಹಾಕ್ರಿ" ಎಂದು ಅವಳೇ ಒಮ್ಮೆ ಹೇಳಿದಾಗ ನಾವೆಲ್ಲ ನಕ್ಕುಬಿಟ್ಟೆವು, ಅವಳೂ ನಕ್ಕಳು. ಶಾಹಿದಾ ಸುಲಿಯುತ್ತ ಸುಲಿಯುತ್ತ ತಲೆಯೆತ್ತಿದಳು. "ಸಿಸ್ಟರ್, ಉಸಿರು ಬೇರೆ ಥರ ಆಯ್ತು" ಅಂದಳು. ಹೌದು, ಆಗಿತ್ತು. ಮುಟ್ಟದೆ, ಬರೀ ಕೇಳಿಯೇ ಅವಳು ಅದನ್ನು ಗುರುತಿಸಿದ್ದು ಅದೇ ಮೊದಲು. ನನಗೆ ಎಷ್ಟು ಸಂತೋಷವಾಯಿತೆಂದರೆ ಕೈಯಲ್ಲಿದ್ದ ಕಾಳನ್ನು ಸಿಪ್ಪೆಯ ರಾಶಿಗೆ ಹಾಕಿಬಿಟ್ಟೆ.

ಮೊಳಕೈವರೆಗೆ ಸೋಪು ಹಚ್ಚಿ ತೊಳೆದು ಒಳಗೆ ಹೋದೆವು. ನಾನು ಮಂಜುಳಳ ತಲೆಯ ಹತ್ತಿರ ನಿಂತೆ, ಅವಳು ನನ್ನ ಕೈ ಹಿಡಿದು ಹಿಂಡಿದಳು. ಮಗುವನ್ನು ಹಿಡಿದದ್ದು ಶಾಹಿದಾ, ಆತುರವಿಲ್ಲದೆ, ಎರಡೂ ಕೈಯಲ್ಲಿ. ಹೆಣ್ಣು. ಅತ್ತಿತು ನೋಡಿ, ಆಹಾ, ಬಸ್‌ಸ್ಟ್ಯಾಂಡಿಗೆ ಕೇಳಿಸುವಂತೆ.

ಎಲ್ಲ ಮುಗಿಸಿ, ಸ್ಟೋರಿಗೆ ಮನಸ್ಸು ಗಟ್ಟಿ ಮಾಡಿಕೊಂಡು ಕಂಪ್ಯೂಟರ್ ಕೋಣೆಗೆ ಬಂದರೆ, ನನ್ನ ಕುರ್ಚಿಯಲ್ಲಿ ಸಾಹೇಬರು! ಟೈ ಸಡಿಲ, ಅಂಗಿಯ ಬೆನ್ನು ಒದ್ದೆ, ಫೈಲು ನೆಲದ ಮೇಲೆ. ನನ್ನನ್ನು ಕಂಡವರೇ ಎದ್ದು ನಿಂತು, "ಗಂಡು ಮಗು ಸಿಸ್ಟರ್! ಇಬ್ಬರೂ ಆರಾಮ!" ಅಂದರು.

"ನೀವಾ ಸಾರ್?"

"ನೀವು ಆ ಕಡೆ ಹೋದ್ರಿ, ಈ ಕಡೆ ಕೆಂಪು ಅಕ್ಷರ ಬಂತು. ಅವಳು ನರಳ್ತಾ ಇದ್ದಾಳೆ, ಹತ್ರ ಯಾರೂ ಇಲ್ಲ. ಬಿಟ್ಟು ಹ್ಯಾಗ್ರೀ ಕೂರೋದು?"

ಅಷ್ಟರಲ್ಲಿ ಪ್ರಿಂಟರು ಕರಕರ ಎಂದು ಸರ್ಟಿಫಿಕೇಟು ಹೊರಗೆ ತಳ್ಳಿತು. ಶುರುವಿನಲ್ಲಿ ಒತ್ತಿದ್ದು ನನ್ನ ಹೆಸರಲ್ಲವೇ, ನನ್ನ ಹೆಸರೇ ಬಂತು: ಶಾರದಮ್ಮ, ಉತ್ತಮ ದರ್ಜೆ. ಸಾಹೇಬರು ಅದನ್ನು ನೋಡಿದರು, ನನ್ನನ್ನು ನೋಡಿದರು, ಜೇಬಿನಿಂದ ಪೆನ್ನು ತೆಗೆದು ಸಹಿ ಹಾಕಿದರು. ಪರೀಕ್ಷೆಯಲ್ಲಿ ಪಕ್ಕದವಳ ಪೇಪರು ಇಣುಕಿ ನೋಡಿದ ಹುಡುಗಿಯರನ್ನು ಹೊರಗೆ ನಿಲ್ಲಿಸುತ್ತಿದ್ದ ಟೀಚರು ನಾನು. ಇದು ಸರಿಯಲ್ಲ ಸಾರ್ ಎಂದು ಹೇಳಬೇಕೆಂದು ಬಾಯಿ ತೆರೆದೆ. ಆ ಹೊತ್ತಿಗೆ ಸರಿಯಾಗಿ ವಾರ್ಡಿನಿಂದ ಮಗುವಿನ ಅಳು ಕೇಳಿಸಿತು. ಬಾಯಿ ಮುಚ್ಚಿ ಸರ್ಟಿಫಿಕೇಟನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡೆ.

ಸಂಜೆ ಬಸವ್ವ ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. "ಏನ್ ಕೈಗುಣ್ರೀ ನಿಮ್ದು!" ಅಂದರು. ಮಗು ಹಿಡಿದ ಶಾಹಿದಾ ಒಂದು ಪಕ್ಕ, ಗೌರಿಯನ್ನು ಹೆರಿಸಿದ ಸಾಹೇಬರು ಇನ್ನೊಂದು ಪಕ್ಕ, ಇಬ್ಬರೂ ನನ್ನ ಬಾಯನ್ನೇ ನೋಡುತ್ತಿದ್ದರು. ಉಗುರಿನ ಸಂದಿಯಲ್ಲಿ ಅವರೆಸಿಪ್ಪೆಯ ಹಸಿರು ಇನ್ನೂ ಹೋಗಿರಲಿಲ್ಲ. "ಏನೋ ಬಸವ್ವ, ದೇವರು ಕೊಟ್ಟಿದ್ದು" ಅಂದೆ.

ಮರುದಿನ ಬಸವ್ವ ಶಿಕಾರಿಪುರದಲ್ಲೇ ಇದ್ದ ತಂಗಿಯ ಮನೆಯಲ್ಲಿ ಆ ಅವರೆಕಾಳಿನದೇ ಸಾರು ಮಾಡಿ ನನಗೊಂದು ಡಬ್ಬಿ ತಂದುಕೊಟ್ಟರು. ಮನೆಗೆ ತಂದು, ಬಿಸಿ ಮಾಡಿ ಬಡಿಸಿದೆ. ನಮ್ಮ ಮನೆಯವರು ಒಂದು ತುತ್ತು ಉಂಡು ಕೈ ನಿಲ್ಲಿಸಿದರು. ಇನ್ನೊಂದು ತುತ್ತು ಉಂಡು ತಲೆಯೆತ್ತಿ ನನ್ನನ್ನು ನೋಡಿದರು. "ಶಾರದಾ, ಅಂತೂ ಇಂತೂ ನಿನ್ನ ಕೈಗುಣ ಸಾರಿಗೂ ಬಂತಲ್ಲೇ!" ಅಂದರು.

ನಾನು ಡಬ್ಬಿಯನ್ನು ಕಾಲಿನಿಂದ ಒಲೆಕಟ್ಟೆಯ ಕೆಳಗೆ ಸರಿಸಿ, "ಇನ್ನೊಂದು ಸೌಟು ಹಾಕ್ಲಾ?" ಅಂದೆ.