ಕರೆಂಟು ಬೇಡದ ಮಷೀನು

ನೀರು ಸೋಸುವ ಮಷೀನು ಕೂರಿಸುವುದು ನನ್ನ ಕೆಲಸ. ನೀರಿನಿಂದ ನನಗೆ ಇವತ್ತಿನವರೆಗೂ ತೊಂದರೆಯಾಗಿಲ್ಲ. ಆಗುವುದೆಲ್ಲ ಅದನ್ನು ಕುಡಿಯುವವರಿಂದ, ಅದೂ ವಾರಕ್ಕೊಂದರಂತೆ ತಪ್ಪದೆ ಆಗುತ್ತಲೇ ಇರುತ್ತದೆ.

ನಮ್ಮ ಮಷೀನಿನ ಹೆಚ್ಚುಗಾರಿಕೆ ಒಂದೇ, ಅದಕ್ಕೆ ಕರೆಂಟು ಬೇಡ. ಮೇಲೊಂದು ತೊಟ್ಟಿ, ಕೆಳಗೆ ಮೆಂಬ್ರೇನ್, ಅಂದರೆ ಶ್ಯಾವಿಗೆಯಂಥ ಟೊಳ್ಳು ಎಳೆಗಳ ಕಟ್ಟು. ನೀರು ತನ್ನ ಭಾರಕ್ಕೇ ಎಳೆಗಳೊಳಗೆ ಇಳಿದು, ಕೊಳೆಯನ್ನು ಹೊರಗೇ ಬಿಟ್ಟು ನಲ್ಲಿಗೆ ಬರುತ್ತದೆ. ಕಂಪನಿಯವರು ನನಗೆ ನಾಲ್ಕು ಜಾಗ ಕೊಟ್ಟು, ಬೆಂಗಳೂರಿನಿಂದ ಸಾಹೇಬರು ನೋಡಲು ಬರುವಾಗ ಒಂದು ಕಡೆಯಾದರೂ ಜನ ಈ ನೀರು ಬಳಸುತ್ತಿರಬೇಕು, ಇಲ್ಲವಾದರೆ ಮಷೀನು ಗೋಡೌನಿಗೆ, ನೀನು ಮನೆಗೆ ಎಂದಿದ್ದರು. ಆಗಷ್ಟೇ ನನಗೆ ಮದುವೆ ಗೊತ್ತಾಗಿತ್ತು. ಹುಡುಗನ ಕೆಲಸ ಖಾಯಂ ಎಂದು ನಮ್ಮಮ್ಮ ಹೆಣ್ಣಿನ ಕಡೆಯವರಿಗೆ ಹೇಳಿಯೂ ಬಿಟ್ಟಿದ್ದಳು.

ಮೆಂಬರ್ರು

ಮೊದಲನೆಯದು ಗುಬ್ಬಿ ಹತ್ತಿರದ ಹಳ್ಳಿ. ಒಂದು ಸಂಜೆ ಅಲ್ಲಿ ಊರಿಗೆ ನೀರು ಬಿಡುವ ನೀರುಗಂಟಿಗೆ ಫೋನ್ ಮಾಡಿ, ಮೆಂಬ್ರೇನ್ ಕಟ್ಟಿಕೊಂಡಿದೆ, ಬೆಳಗ್ಗೆ ಬಂದು ಬಿಚ್ಚಿ ತೊಳೀತೀನಿ, ಊರಿಗೆಲ್ಲ ತಿಳಿಸಿಬಿಡಿ ಎಂದೆ. ಆತ ಗುಡಿಯ ಮೈಕಿನಲ್ಲಿ, ನಾಳೆ ಬೆಳಗ್ಗೆ ತುಮಕೂರಿನವರು ಬಂದು ಮೆಂಬರ್ರನ್ನು ಬಿಚ್ಚಿ ತೊಳೆಯುತ್ತಾರೆ ಎಂದು ಸಾರಿದ.

ಬೆಳಗ್ಗೆ ಹೋದರೆ ಅರ್ಧ ಊರು ನೆರೆದಿತ್ತು. ಪಂಚಾಯ್ತಿ ಮೆಂಬರ್ರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಮುಖ ಸಣ್ಣಗೆ ಮಾಡಿಕೊಂಡು ಮುಂದೆಯೇ ನಿಂತಿದ್ದರು. ತಮ್ಮಿಂದ ಏನು ತಪ್ಪಾಯಿತೆಂದು ನನ್ನನ್ನೇ ಕೇಳಿದರು. ತೊಳೆಯುವುದು ನಿಮ್ಮನ್ನಲ್ಲ, ಈ ಎಳೆಗಳನ್ನು ಎಂದು ಎಲ್ಲರಿಗೂ ಬಿಡಿಸಿ ಹೇಳಿದೆ. ಹಿಂದಿನಿಂದ ಒಬ್ಬಳು ಅಜ್ಜಿ ಬೇಜಾರಿನಿಂದ ಅಂದಳು:

"ಅದುನ್ನ ಆಮೇಕ್ ತೊಳುದ್ರಾಯ್ತು ಕಣಪ್ಪ. ಎಲ್ರೂ ಬಂದಿದೀವಲ್ಲ, ಮೊದ್ಲು ಇವ್ನುನ್ನೇ ತೊಳುದ್ಬುಡು."

ಮೆಂಬರ್ರು ಮಾರನೇ ದಿನವೇ ಮಷೀನಿನ ಕೋಣೆಗೆ ಬೀಗ ಹಾಕಿಸಿದರು.

ಹೆಪ್ಪು

ಎರಡನೆಯದು ಕುಣಿಗಲ್ ತಾಲ್ಲೂಕು, ಮಾರ್ಕೋನಹಳ್ಳಿ ಕಡೆ. ಜನ ಖುಷಿಯಿಂದಲೇ ನೀರು ಒಯ್ದರು. ಆದರೆ ಮನೆಗಳ ಬಿಂದಿಗೆ ನೀರನ್ನು ಪರೀಕ್ಷೆ ಮಾಡಿಸಿದರೆ ಮೊದಲಿನಷ್ಟೇ ಕೊಳೆ. ಮೂರು ಸಲ ಮಷೀನು ಬಿಚ್ಚಿ ನೋಡಿದೆ, ಅದರಲ್ಲೇನೂ ದೋಷವಿರಲಿಲ್ಲ. ಕೊನೆಗೆ ಮಷೀನನ್ನು ಎಲ್ಲರಿಗಿಂತ ಹೆಚ್ಚು ಹೊಗಳುತ್ತಿದ್ದ ರಿಟೈರ್ಡ್ ಮೇಷ್ಟ್ರ ಅಡುಗೆಮನೆಗೇ ಹೋದೆ. ಅವರು ನನ್ನ ಕಣ್ಣೆದುರೇ ಬಿಂದಿಗೆಗೆ ಸೋಸಿದ ನೀರು ತುಂಬಿಸಿ, ಅದರ ಮೇಲೆ ನಾಲೆ ನೀರು ಒಂದು ಚೊಂಬು ಸುರಿದರು.

"ನಿಮ್ಮ ನೀರು ಸಪ್ಪೆ ಕಣಪ್ಪ," ಎಂದರು. "ನಮ್ದು ಒಂದ್ ಚೊಂಬು ಹೆಪ್ಪು ಹಾಕಿದ್ರೆ ಬೆಳಗ್ಗೆ ಹೊತ್ಗೆ ರುಚಿ ಬಂದಿರುತ್ತೆ."

ಈ ಹೆಪ್ಪು ಊರಿಗೆಲ್ಲ ಕಲಿಸಿದವರೂ ಅವರೇ. ನನಗೆ ಸಿಟ್ಟು ನೆತ್ತಿಗೇರಿತು. ಆದರೂ ತಡೆದುಕೊಂಡು ಕ್ರಿಮಿಗಳ ಬಗ್ಗೆ ಒಂದು ಗಂಟೆ ಪಾಠ ಮಾಡಿದೆ. ಮೇಷ್ಟ್ರು ಪೂರ್ತಿ ಕೇಳಿ, ಬಹಳ ಯೋಚಿಸಿ, ನನಗೋಸ್ಕರ ಇನ್ನು ಮೇಲೆ ಅರ್ಧ ಚೊಂಬು ಮಾತ್ರ ಹಾಕುವುದಾಗಿ ಒಪ್ಪಿಕೊಂಡರು.

ಯಾರ ಸ್ನಾನದ್ದು?

ಮೂರನೆಯದು ತುಮಕೂರಿನ ಅಪಾರ್ಟ್‌ಮೆಂಟು. ಅಲ್ಲಿ ಸ್ನಾನದ ನೀರನ್ನು ಸೋಸಿ ಗಿಡಗಳಿಗೆ ಬಿಡುವ ಏರ್ಪಾಡು. ಓದಿದವರು, ಸುಲಭವಾಗಿ ಒಪ್ಪುತ್ತಾರೆಂದು ಮೀಟಿಂಗಿಗೆ ಹೋದೆ. ಕೆಳಮಹಡಿಯ ಯಜಮಾನರು ಎದ್ದು, ಮೂರನೇ ಮಹಡಿಯವರ ಸ್ನಾನದ ನೀರನ್ನು ನಮ್ಮ ತುಳಸಿಗೆ ಹಾಕಲು ಸಾಧ್ಯವಿಲ್ಲ, ನಮ್ಮದನ್ನು ಬೇರೆ ಸೋಸಿ ಕೊಡಿ ಎಂದರು.

ಮೂರನೇ ಮಹಡಿಯ ಮೇಡಂ ಕೂತಲ್ಲಿಂದಲೇ ಅಂದರು, "ನಾವು ದಿನಾ ಎರಡು ಸಲ ಸ್ನಾನ ಮಾಡ್ತೀವಿ. ನಿಮ್ಮ ಪೈಪಲ್ಲಿ ಭಾನುವಾರ ಬಿಟ್ರೆ ನೀರೇ ಬರಲ್ಲ. ಈ ಮಷೀನಿನವರಿಗೆ ಸೋಸಿ ಕೊಡೋಕೆ ಇರೋದಾದ್ರೂ ಏನು?"

ಸದ್ದು

ಅಪಾರ್ಟ್‌ಮೆಂಟಿನಲ್ಲೂ ಆಗಲಿಲ್ಲ, ಹೆಪ್ಪು ಹಾಕಿದ ನೀರನ್ನು ಸಾಹೇಬರಿಗೆ ತೋರಿಸುವಂತಿರಲಿಲ್ಲ. ಉಳಿದದ್ದು ಚೇಳೂರು ಕಡೆಯ ಹಳ್ಳಿ, ಸಾಹೇಬರು ಬರಲು ಎಂಟು ದಿನ. ಅಲ್ಲಿ ಒಬ್ಬರೂ ನಲ್ಲಿ ಮುಟ್ಟುತ್ತಿರಲಿಲ್ಲ. ನನಗೆ ಊಟ ಸೇರುವುದೇ ನಿಂತಿತ್ತು. ಮಹಿಳಾ ಸಂಘ ನೋಡಿಕೊಳ್ಳುವ ಅಕ್ಕನನ್ನು ಕಾರಣ ಕೇಳಿದೆ.

"ಅದು ಸದ್ದೇ ಮಾಡಕಿಲ್ವಲ್ಲ ಸಾ," ಎಂದಳು. "ಮಿಕ್ಸಿ ಗುರ್ ಅಂದ್ರೆ ತಾನೆ ಚಟ್ನಿ ಆಗೋದು? ಸುಮ್ಕೆ ನಿಂತಿರೋದು ಏನ್ ಕೆಲ್ಸ ಮಾಡ್ತದೆ?"

ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಗುಬ್ಬಿಯ ಗುಜರಿ ಅಂಗಡಿಯಿಂದ ಹಳೇ ಟೇಬಲ್ ಫ್ಯಾನಿನ ಮೋಟರು ತಂದು, ಬಿಸ್ಕತ್ತಿನ ತಗಡಿನ ಡಬ್ಬದಲ್ಲಿಟ್ಟು ಮಷೀನಿನ ಬೆನ್ನಿಗೆ ಬಿಗಿದೆ. ಎದುರಿನ ಅಂಗಡಿಯಿಂದ ವೈರು ಎಳೆದೆ. ಮೋಟರಿಗೂ ನೀರಿಗೂ ಯಾವ ಸಂಬಂಧವೂ ಇರಲಿಲ್ಲ, ಅದು ಬರೀ ಗರ್ರ್ ಅನ್ನುತ್ತಿತ್ತು. ಮಾರನೇ ದಿನದಿಂದಲೇ ಬಿಂದಿಗೆಗಳು ಸಾಲು ನಿಂತವು. ಈಗ ನೀರಿಗೆ ರುಚಿಯೂ ಬಂದಿದೆ ಎಂದರು.

ಸಾಹೇಬರು ಬಂದ ದಿನ ಸಾಲು ಅಂಗಡಿ ದಾಟಿತ್ತು. ನಾನು ಎದೆಯುಬ್ಬಿಸಿ, ಸರ್, ಇದಕ್ಕೆ ಕರೆಂಟೇ ಬೇಡ ಎನ್ನುವಷ್ಟರಲ್ಲಿ ಕರೆಂಟು ಹೋಯಿತು. ಸದ್ದು ನಿಂತಿತು. ಸಾಲಿನಲ್ಲಿದ್ದವರೆಲ್ಲ ಬಿಂದಿಗೆ ಕೆಳಗಿಟ್ಟು ಕೂತುಬಿಟ್ಟರು. ನಾನು ಓಡಿಹೋಗಿ ನಲ್ಲಿ ತಿರುಗಿಸಿ, ನೀರು ಬರುತ್ತಿದೆ ನೋಡಿ ಎಂದೆ.

"ಬತ್ತದೆ ಸಾ," ಎಂದಳು ಅಕ್ಕ, ಸಮಾಧಾನವಾಗಿ. "ಸೋಸ್ಕೊಂಡು ಬತ್ತಿಲ್ಲ."

ಸಾಹೇಬರು ನನ್ನನ್ನೂ ಡಬ್ಬವನ್ನೂ ನೋಡಿದರು. ಅವರನ್ನು ಪಕ್ಕಕ್ಕೆ ಕರೆದು ಎಲ್ಲ ಒಪ್ಪಿಕೊಂಡೆ. ಮದುವೆಯ ವಿಷಯವನ್ನೂ ಹೇಳಿದೆ. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಈ ಮಷೀನಿನ ಡ್ರಾಯಿಂಗ್ ಬರೆದವನೇ ನಾನಯ್ಯ, ಅದಕ್ಕೆ ಕರೆಂಟು ಬೇಡ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು, ಜನ ಕುಡಿಯುತ್ತಿದ್ದಾರಲ್ಲ, ಅಷ್ಟು ಸಾಕು ಎಂದು ಕಾಗದಕ್ಕೆ ಸಹಿ ಹಾಕಿದರು. ನನಗೆ ಹೋದ ಜೀವ ಬಂದಂತಾಯಿತು. ಆ ಸಂತೋಷಕ್ಕೆ ನಲ್ಲಿಯಿಂದಲೇ ಒಂದು ಲೋಟ ನೀರು ಹಿಡಿದು ಅವರ ಕೈಗೆ ಕೊಟ್ಟೆ.

ಸಾಹೇಬರು ಲೋಟವನ್ನು ತುಟಿಯ ತನಕ ತಂದರು. ಸದ್ದಿಲ್ಲದೆ ನಿಂತಿದ್ದ ಡಬ್ಬವನ್ನು ಒಮ್ಮೆ ನೋಡಿದರು. ಲೋಟವನ್ನು ಮೆಲ್ಲಗೆ ಕಟ್ಟೆಯ ಮೇಲಿಟ್ಟರು.

"ಇರಲಿ ಬಿಡಯ್ಯ," ಎಂದರು. "ಕರೆಂಟ್ ಬಂದ್ಮೇಲೆ ಕುಡೀತೀನಿ."